ನಾಲ್ಕು ಹಲ್ಲಿನ ಕಟರೂ ನನ್ನ ಬಾಯಿಯೂ

ದೇವರು ಕೆಲವರಿಗೆ ಒಳ್ಳೆಯ ಕಂಠ ಕೊಡುತ್ತಾನೆ. ನನಗೆ ಮಾತ್ರ ಬೇರೆಯವರ ಕಂಠಗಳನ್ನೆಲ್ಲ ಕೊಟ್ಟು ಕಳಿಸಿದ್ದಾನೆ. ನಳದಲ್ಲಿ ನೀರು ಬಂದಾಗ ಮನೆಮಾಲಕಿ ಮಾವಶಿ ಕೂಗುವುದು, ಆಟೋದವನು ಇಲ್ಲದ ಜಾಗದಲ್ಲಿ ಇನ್ನೊಬ್ಬನನ್ನು ತುರುಕುತ್ತ 'ಸರಕಾ, ಸರಕಾ' ಎಂದು ಉಳಿದವರನ್ನು ಸರಿಸುವುದು, ಕಟರ್ ಮಾರಲು ಬರುವ ಸೇಲ್ಸ್‌ಮನ್ ಎರಡು ಸಲ ಕೆಮ್ಮಿ ದರ ಹೇಳುವುದು, ಎಲ್ಲ ನನ್ನ ಬಾಯಲ್ಲಿವೆ. ಕೆಲಸ ಬೇಸರವಾದರೆ ಮಶೀನುಗಳನ್ನೂ ಬಿಡುವುದಿಲ್ಲ. ಪುಣೆ ಹತ್ತಿರದ ಚಾಕಣದ ನಮ್ಮ ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮಶೀನಿನ ಕಟರ್ ಅದರಲ್ಲೇ ಸಿಕ್ಕಿಕೊಂಡು 'ಕ್ರೀಂಯ್' ಎಂದು ಕಿರುಚುವ ಸದ್ದೇ ನನ್ನ ಮೇರುಕೃತಿ. ಅದನ್ನು ಕೇಳಿ ದೇಸಾಯಿ ಕಾಕಾ ಚಹಾದ ಕಪ್ಪು ಹಿಡಿದೇ ಕ್ಯಾಬಿನ್ನಿನಿಂದ ಓಡಿ ಬರುತ್ತಿದ್ದರು. ಬಂದು ನೋಡಿದರೆ ಮಶೀನು ಬಂದ್, ನಾನು ಚಾಲೂ.

ಕಾಕಾ ನಮ್ಮ ಸುಪರ್‌ವೈಜರು, ಧಾರವಾಡದವರು. ಯಾವ ಕೆಲಸಕ್ಕೆ ಯಾವ ಕಟರ್ ಎಂದು ಆರಿಸುವವರು ಅವರೊಬ್ಬರೇ. ಸೀರೆ ಅಂಗಡಿಗೆ ಹೋದ ನಮ್ಮ ಅಕ್ಕನಂತೆ ಕಪಾಟಿನ ಮುಂದೆ ನಿಂತು, ಒಂದನ್ನು ಬೆಳಕಿಗೆ ಹಿಡಿದು, ಇನ್ನೊಂದರ ಅಂಚು ಸವರಿ, ಕೊನೆಗೆ ಮೊದಲು ನೋಡಿದ್ದನ್ನೇ ತೆಗೆದುಕೊಳ್ಳುತ್ತಾರೆ. ಅದನ್ನು ಬಿಗಿಯುವುದು, ಬಿಚ್ಚುವುದು, ಒರೆಸಿಡುವುದು ನನ್ನ ಪಾಲು.

ಒಂದು ದಿನ ಏನು ತಿಂದು ಬಂದಿದ್ದರೋ, "ಲೇ, ಇವತ್ತ ಕಟರ್ ನೀನ ಆರಿಸು. ಅಲ್ಯೂಮಿನಿಯಮ್ ಕೆಲಸ ಅದ. ಛಂದ ಮಾಡಿದಿ ಅಂದ್ರ ಈ ಮಶೀನು ನಿನಗ ಒಪ್ಪಸ್ತೀನಿ" ಎಂದು ಕ್ಯಾಬಿನ್ ಸೇರಿದರು. ನನಗೆ ಹುಡುಗಿ ನೋಡುತ್ತಿರುವ ಅವ್ವ ಇನ್ನು ಮೇಲೆ 'ಹೆಲ್ಪರ್' ಎಂದು ಗೊಣಗುವ ಬದಲು 'ಆಪರೇಟರ್' ಎಂದು ಓಣಿಗೆಲ್ಲ ಕೇಳುವಂತೆ ಹೇಳಬಹುದು!

ಕಪಾಟಿನಲ್ಲಿ ಎರಡು ಹಲ್ಲಿನ ಕಟರಿತ್ತು, ನಾಲ್ಕು ಹಲ್ಲಿನದೂ ಇತ್ತು. ಪಕ್ಕದ ಮಶೀನಿನ ಗಣೇಶ, ಕಾಕಾನನ್ನು ಒಂದು ಮಾತು ಕೇಳು ಎಂದು ಮರಾಠಿಯಲ್ಲಿ ಎಚ್ಚರಿಸಿದ. ಕೇಳುವುದೇನು? ಪಂಕ್ತಿಯಲ್ಲಿ ಇಬ್ಬರು ಬಡಿಸುವುದಕ್ಕಿಂತ ನಾಲ್ವರು ಬಡಿಸಿದರೆ ಊಟ ಬೇಗ ಮುಗಿಯುವುದಿಲ್ಲವೇ? ನಾಲ್ಕು ಹಲ್ಲಿನದನ್ನೇ ಬಿಗಿದೆ.

ಅಲ್ಯೂಮಿನಿಯಮ್ ಮೊದಲು ಸಂಭಾವಿತನಂತೆ ಕೊರೆಸಿಕೊಂಡಿತು. ಆಮೇಲೆ ಚಿಕ್ಕಿಯ ಪಾಕದಂತೆ ಕಟರಿಗೆ ಮೆತ್ತಿಕೊಂಡಿತು. 'ಕ್ರೀಂಯ್!'

"ಕಾಕಾ!" ಎಂದು ಅರಚಿದೆ.

"ಭಾಳ ಛಲೋ!" ಕ್ಯಾಬಿನ್ನಿನಿಂದ ಉತ್ತರ ಬಂತು. "ನಿನ್ನೆಗಿಂತ ಇವತ್ತ ಸುಧಾರಿಸೇದ!"

"ನಾನಲ್ರೀ ಕಾಕಾ, ಮಶೀನ್ರೀ!"

"ಹೌದಪಾ, ಮಶೀನು ನನಗ ಕಾಕಾ ಅಂತದ!" ಎಂದು ಚಹಾ ಸೊರ್ರೆನಿಸಿದರು.

ಮಶೀನು ನಿಲ್ಲಿಸಲು ಕೆಂಪು ಗುಂಡಿ ಒತ್ತಬೇಕೆಂದು ನೆನಪಾಗುವಷ್ಟರಲ್ಲಿ ಕಟರ್ 'ಟಣ್' ಎಂದು ಎರಡು ತುಂಡಾಯಿತು. ಆ ಟಣ್ ಮಾತ್ರ ನನ್ನ ಸಂಗ್ರಹದಲ್ಲಿರಲಿಲ್ಲ. ಕಾಕಾ ಓಡಿ ಬಂದರು.

ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತೆ. ಅವರು ಅಲ್ಯೂಮಿನಿಯಮ್ ಅಂಟಿದ ತುಂಡನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ಇದು ಜಿಗಟ ಮಾಲು. ಹಲ್ಲು ಹೆಚ್ಚಾದ್ರ ನಡುವ ಸಂದಿ ಕಡಿಮಿ. ಬಾಗಲದಾಗ ನಾಲ್ಕ ಮಂದಿ ನಿಂತ್ರ ಒಳಗಿನ ಚೂರು ಹೊರಗ ಹೆಂಗ ಬರಬೇಕೋ, ಶ್ಯಾಣ್ಯಾ?" ಎರಡು ಹಲ್ಲಿನದನ್ನು ಬಿಗಿಸಿದರು. ಚೂರುಗಳು ಅಕ್ಷತೆಯಂತೆ ಉದುರಿದವು, ಮಶೀನು ಗುಂಯ್ ಎಂದು ಹಾಡಿಕೊಂಡಿತು.

"ಮಶೀನು ನಿನಗ ತಗೋ" ಎಂದರು ಕಾಕಾ. ನಾನು ಬಾಯಿ ತೆರೆದೆ. "ಅದನ್ನ ಮುಚ್ಚು. ಒಮ್ಮೆ ಮುರದಾವ ಮತ್ತ ಹಿಂಗ ಮುರಿಯೂದಿಲ್ಲ. ಆದ್ರ ಇಲ್ಲೆ ಇನ್ನ ಮಿಮಿಕ್ರಿ ಬಂದ್. ಖರೇ ಯಾವುದು, ಖೊಟ್ಟಿ ಯಾವುದು, ನನಗ ತಿಳೀಬೇಕು."

ಮಾತು ಉಳಿಸಿಕೊಂಡಿದ್ದೇನೆ. ಅವ್ವ ಓಣಿಗೆಲ್ಲ ಹೇಳಿಯೂ ಆಯಿತು. ಮೊನ್ನೆ ಗಣೇಶ ಅವಸರದಲ್ಲಿ, ಕಾಕಾನನ್ನು ಕೇಳದೆ, ಅಲ್ಯೂಮಿನಿಯಮ್ಮಿಗೆ ನಾಲ್ಕು ಹಲ್ಲಿನ ಕಟರ್ ಎತ್ತಿಕೊಂಡ. ನಾನು ಸೊಂಟದ ಮೇಲೆ ಕೈಯಿಟ್ಟು, ಹೊಸ ಆಪರೇಟರನ ಪೂರ್ತಿ ಗಾಂಭೀರ್ಯದಿಂದ, ಬಾಗಿಲು, ಮಂದಿ, ಚೂರು ಎಂದು ಮರಾಠಿಯಲ್ಲಿ ದಬಾಯಿಸತೊಡಗಿದೆ. ಗಣೇಶ ನೆಲಕ್ಕೆ ಕುಸಿದು ನಕ್ಕ. "ಹುಬೇಹೂಬ್ ಕಾಕಾ!" ಥೇಟ್ ಕಾಕಾನೇ ಅಂತೆ. ಇಡೀ ಶಾಪು ಚಪ್ಪಾಳೆ ತಟ್ಟಿತು. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ ಕಾಕಾ ಕೂಡ, ಕರಾರು ಮರೆತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಲಾವಿದನಂತೆ ತಲೆಬಾಗಿಸಿದೆ. ಆಗ ನಾನು ಯಾರನ್ನೂ ಅನುಕರಿಸುತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಯಿತು.