ಅಂಜುಬುರುಕನ ಗ್ರೀಸು ಡಬ್ಬಿ

ಮೋಟಾರು ಓಡಿಸುವವನ ಬದುಕಿನಲ್ಲಿ ನಗುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಆದರೆ ನಡೆಯುವಾಗ ಅವನಿಗೆ ನಗು ಬರುವುದಿಲ್ಲ. ನನಗಂತೂ ಬೆವರೇ ಬರುತ್ತಿತ್ತು.

ಮಹಾಯುದ್ಧದ ದಿನಗಳು. ಕೊಪ್ಪಳದ ಒಂದು ಸರ್ವಿಸ್ ಮೋಟಾರಿಗೆ ಡ್ರೈವರೂ ನಾನೇ, ಮಿಸ್ತ್ರಿಯೂ ನಾನೇ. ಹುಟ್ಟಾ ಅಂಜುಬುರುಕ ಬೇರೆ. ಗ್ರೀಸು ಸಿಗುವುದೇ ದುಸ್ತರವಾಗಿತ್ತು. ಮಾಲಕರು ಮೊದಲ ದಿನವೇ ಹೇಳಿದ್ದರು: “ಗ್ರೀಸ್ ತಪ್ಪಿ ಗಾಡಿ ನಿಂತ್ರ, ಪಾನಾ ಕೆಳಗಿಟ್ಟು ಮನಿಗೆ ನಡಿ.” ಮನೆಯಲ್ಲಿ ಬಸುರಿ ಹೆಂಡತಿ, ಕೆಮ್ಮುವ ಅಪ್ಪ. ನಟ್ಟು ತಿರುಗಿಸುವ ಆ ಪಾನಾ ಕೈಬಿಟ್ಟರೆ ನಮ್ಮ ಒಲೆ ಹೊತ್ತುವಂತಿರಲಿಲ್ಲ.

೧. ನೊರೆ

ಮಾಲಕರ ಬಳಿ ನಾರುನಾರಾದ ಗಟ್ಟಿ ಗ್ರೀಸಿನ ಡಬ್ಬಿಯೊಂದಿತ್ತು. ಎಂಥ ಕಾವಿಗೂ ಜಗ್ಗದು ಎಂದು ನಾಲ್ಕೂ ಗಾಲಿಗೆ ತುಂಬಿದೆ. ನೀರು ಕಂಡರೆ ಅದು ಸಾಬೂನಾಗುತ್ತದೆಂದು ನನಗೇನು ಗೊತ್ತು? ಕುಷ್ಟಗಿ ದಾರಿಯಲ್ಲಿ ಹಳ್ಳ ದಾಟಿ ದಂಡೆ ಹತ್ತುತ್ತಲೇ ಗಾಲಿಗಳಿಂದ ಬೆಳ್ಳನೆಯ ನೊರೆ ಇಳಿಯತೊಡಗಿತು. ಗಾಡಿ ನಿಲ್ಲಿಸಿದೆ. ಮುದಿ ರೈತನೊಬ್ಬ ಇಳಿದು ಬಂದು ಗಾಲಿ ಮುಟ್ಟಿ ನೋಡಿದ.

“ಮೈ ಸುಡಾಕತ್ತೈತಿ, ನೊರಿ ಸುರಸಾಕತ್ತೈತಿ. ಇದು ದನದ ಕಾಲುಬ್ಯಾನಿ, ತಮ್ಮಾ.”

“ಯಜ್ಜಾ, ಇದು ಮೋಟಾರ!”

“ಎತ್ತಿಗೆ ನಾಕು ಕಾಲು, ಇದಕ್ಕ ನಾಕು ಗಾಲಿ. ಬ್ಯಾನಿಗೆ ಫರಕ ಏನ ಗೊತ್ತಾಕ್ಕೈತಿ?”

ಬೇವಿನ ತಪ್ಪಲು ತಂದು ನಾಲ್ಕೂ ಗಾಲಿಗೆ ಕಟ್ಟಿಯೇಬಿಟ್ಟ. ತೆವಳುತ್ತ ಮುಂದಿನ ಹಳ್ಳಿ ಮುಟ್ಟಿದೆವು. ಬೇವು ಕಂಡದ್ದೇ ಊರವರು ಕೋಲು ಹಿಡಿದು ಅಗಸಿ ಬಾಗಿಲಿಗೆ ಅಡ್ಡ ನಿಂತರು: “ಒಳಗ ತರಬ್ಯಾಡ್ರಿ, ನಮ್ಮ ದನಕ್ಕ ಹತ್ತತೈತಿ!”

೨. ಉರಿ

“ಇನ್ನೊಮ್ಮೆ ಹಿಂಗಾದ್ರ…” ಎಂದ ಮಾಲಕರು ಮಾತು ಮುಗಿಸಲಿಲ್ಲ. ಮುಗಿಸಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಈ ಸಲ ನೀರಿಗೆ ಜಗ್ಗದ ಮೆತ್ತನೆಯ ಗ್ರೀಸು ಹಾಕಿದೆ. ಅದು ಕಾವಿಗೆ ಕರಗುವಂಥದ್ದು. ಗಂಗಾವತಿ ದಾರಿ, ನಡುಬೇಸಿಗೆ. ಹೇಮಗುಡ್ಡದ ಹತ್ತಿರ ಗ್ರೀಸು ಸೋರಿ, ಗಾಲಿಯ ನಡುವಿನ ಗುಂಬಕ್ಕೆ ಉರಿ ಹತ್ತಿತು.

“ಇಳೀರಿ! ಪೆಟ್ರೋಲ್ ಐತಿ!” ಎಂದು ಕಿರುಚಿದೆ. ಜನ ಹೊಲಕ್ಕೆ ಓಡಿದರು. ನಾನು ಬೊಗಸೆ ತುಂಬ ಮಣ್ಣು ತಂದು ನೋಡಿದರೆ, ಒಬ್ಬಾತ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಉರಿಗೆ ಬೀಡಿ ಹಿಡಿದಿದ್ದ.

“ಸ್ವಲ್ಪ ತಡೀರಿ,” ಎಂದ. “ಕಡ್ಡಿಪೆಟ್ಟಿಗಿ ಎಲ್ಲೂ ಸಿಗವಲ್ದು.”

೩. ಬಣಿವೆ

ಬೇರೆ ಡ್ರೈವರು ಸಿಗದೆ ಮಾಲಕರು ಬೈದು ಬಿಟ್ಟರು. ಎರಡೂ ಡಬ್ಬಿ ಬರಿದಾದವು. ಅದೇ ವಾರ, ಸರಕಾರ ರೈತರಿಂದ ಕಡ್ಡಾಯವಾಗಿ ಎತ್ತುತ್ತಿದ್ದ ಲೆವಿ ಜೋಳದ ವಸೂಲಿಗೆ ದೊಡ್ಡ ಸಾಹೇಬರು ಬಂದರು. ಅವರ ಡ್ರೈವರಿಗೆ ಜ್ವರ. ಯಲಬುರ್ಗಾ ಕಡೆಯ ಹಳ್ಳಿಗೆ ಅವರ ಕಾರು ನಾನೇ ಒಯ್ಯಬೇಕೆಂದು ಮಾಲಕರು ಒಪ್ಪಿಬಿಟ್ಟಿದ್ದರು. “ಈ ಸಲ ತಪ್ಪಿದ್ರ ಪಾನಾ ಅಲ್ಲ, ತಲಿನ ಹೋಗತೈತಿ” ಎಂದರು.

ಕಾರಿನ ಗಾಲಿಗಳು ಒಣಗಿ ಕಿರುಗುಡುತ್ತಿದ್ದವು. ದಿಕ್ಕು ತೋಚದೆ, ಚಕ್ಕಡಿಯೊಂದರ ಕೆಳಗೆ ತೂಗುತ್ತಿದ್ದ ಕೊಳವೆಯಿಂದ ಕೀಲೆಣ್ಣೆ ಬೇಡಿ ತಂದು ತುಂಬಿದೆ. ಹರಳೆಣ್ಣೆಯಲ್ಲಿ ಹುಲ್ಲಿನ ಬೂದಿ ಕಲಸಿದ್ದು. ಎತ್ತಿನ ನಡಿಗೆಗೆ ಅದಕ್ಕಿಂತ ಛಲೋದು ಇಲ್ಲ. ಮೋಟಾರಿನ ಓಟಕ್ಕೆ ಮಾತ್ರ ಕಾದು ನೀರಾಗಿ, ಸೀದಾ ಬ್ರೇಕಿಗೆ ಇಳಿಯಿತು.

ಊರ ಮುಂದಿನ ಇಳಿಜಾರಿನಲ್ಲಿ ಬ್ರೇಕು ತುಳಿದೆ. ಕಾರು ಕೇಳಲಿಲ್ಲ. ಹಾರ ಹಿಡಿದು ನಿಂತಿದ್ದ ಗೌಡರನ್ನು ದಾಟಿತು, ಭಜಂತ್ರಿಯವರನ್ನೂ ದಾಟಿತು.

“ನಿಲ್ಲಸು!” ಎಂದರು ಸಾಹೇಬರು.

“ನಿಲ್ಲವಲ್ದರೀ ಸಾಹೇಬ್ರ!” ಎಂದು ಅತ್ತೇಬಿಟ್ಟೆ.

ಗೌಡರು ಹಾರದ ಸಮೇತ ಹಿಂದೆ ಓಡಿ ಬರುತ್ತಿದ್ದರು. ಕಾರು ಅವರದೇ ಕಣಕ್ಕೆ ನುಗ್ಗಿ, ಮೇವಿನ ಬಣಿವೆಯಲ್ಲಿ ಅರ್ಧ ಹೂತು ನಿಂತಿತು. ಕಣ್ಣು ಮುಚ್ಚಿ ಹೆಂಡತಿಯನ್ನು ನೆನೆದೆ. ಕಣ್ಣು ಬಿಟ್ಟಾಗ ಬಣಿವೆಯೊಳಗಿಂದ ಜೋಳದ ಚೀಲಗಳು ಒಂದೊಂದಾಗಿ ಉರುಳುತ್ತಿದ್ದವು. ಹಿಡಿ ಕಾಳೂ ಉಳಿದಿಲ್ಲವೆಂದು ಬರೆದುಕೊಟ್ಟಿದ್ದ ಗೌಡರು ಅಲ್ಲೇ ಕುಸಿದು ಕೂತರು.

“ಬಣಿವ್ಯಾಗ ಐತಂತ ಹೆಂಗ ಗೊತ್ತಾತ್ರಿ, ಸಾಹೇಬ್ರ?”

ಸಾಹೇಬರು ಟೊಪ್ಪಿಗೆಯ ಮೇಲಿನ ಮೇವು ಕೊಡವಿ, ಶೇರ್ವಾನಿ ನೇರ ಮಾಡಿಕೊಂಡು, “ನಮಗ ಎಲ್ಲಾ ಗೊತ್ತಾಕ್ಕೈತಿ” ಎಂದರು. ನೌಕರಿ ಉಳಿಯಿತೆಂದು ನನಗೆ ಜೀವ ಬಂದಂತಾಯಿತು. ಆಗ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಯಾವ ಗ್ರೀಸ್ ಹಾಕಿದ್ದಿ?”

ಚಕ್ಕಡಿಯ ಕೀಲೆಣ್ಣೆ ಎಂದು ಇದ್ದದ್ದು ಹೇಳಿದೆ.

“ಇನ್ನ ಏಳು ಊರು ಉಳದಾವ,” ಎಂದರು ಸಾಹೇಬರು. “ಎಲ್ಲಾ ಊರಿಗೂ ಅದೇ ಎಣ್ಣಿ ಹಾಕು.”