ಮಂಗಳವಾರವು ಸೋಮವಾರವಾದ ಬಗೆ

ಕಂಪ್ಯೂಟರ್ ಕಲಿಸುವವರಿಗೆ ಒಂದು ಚಟವಿರುತ್ತದೆ. ಯಾವುದಾದರೂ ಕೆಲಸ ಕಂಪ್ಯೂಟರಿನ ಹಂಗಿಲ್ಲದೆ ಸುಸೂತ್ರವಾಗಿ ನಡೆಯುತ್ತಿರುವುದನ್ನು ಕಂಡರೆ ಅವರಿಗೆ ತಡೆದುಕೊಳ್ಳಲಾಗುವುದಿಲ್ಲ. ನನಗೂ ಆ ಚಟವಿದೆ, ಒಪ್ಪಿಕೊಳ್ಳುತ್ತೇನೆ. ನವಲಗುಂದದ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ವೆಬ್ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ. ಕಲಿಸುತ್ತೇನೆ ಎಂದರೆ, ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಕರೆಂಟು ಇದ್ದ ದಿನ ಎಲ್ಲರೂ ಲ್ಯಾಬಿಗೆ ಹೋಗಿ ಕೂರುತ್ತೇವೆ. ಇಷ್ಟು ವರ್ಷ ಕಲಿಸಿದ ವಿದ್ಯೆಯಿಂದ ನಾನು ಸ್ವತಃ ನಾಲ್ಕು ಜನಕ್ಕೆ ಉಪಯೋಗವಾಗುವ ಒಂದು ವಸ್ತುವನ್ನೂ ಮಾಡಿರಲಿಲ್ಲ. ಈ ಸಂಗತಿ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಕೊನೆಗೆ ನನ್ನ ಕೈಗೆ ಸಿಕ್ಕಿದ್ದು ನಮ್ಮ ಮಾವನವರ ಎತ್ತುಗಳು.

ನಮ್ಮೂರು ನವಲಗುಂದದಿಂದ ಅರ್ಧ ಗಂಟೆಯ ಬಸ್ಸಿನ ಹಾದಿ. ಎಲ್ಲ ಕಪ್ಪು ಮಣ್ಣಿನ ಎರೆಹೊಲ. ಬಿತ್ತುವುದಕ್ಕೆ, ಹೊತ್ತು ತರುವುದಕ್ಕೆ ಈಗ ಟ್ರ್ಯಾಕ್ಟರ್ ಬಂದಿದೆ. ಆದರೆ ಬೆಳೆ ಮೊಣಕಾಲುದ್ದ ಬಂದಾಗ ಸಾಲಿನ ನಡುವಿನ ಕಳೆ ತೆಗೆಯಬೇಕಲ್ಲ, ಅದಕ್ಕೆ ನಾವು ಎಡೆ ಹೊಡೆಯುವುದು ಎನ್ನುತ್ತೇವೆ, ಅಲ್ಲಿ ಟ್ರ್ಯಾಕ್ಟರ್ ಇಳಿದರೆ ಕಳೆಯ ಜೊತೆ ಬೆಳೆಯೂ ಹೋಗುತ್ತದೆ. ಅಲ್ಲಿ ಇವತ್ತಿಗೂ ಎತ್ತೇ ಬೇಕು. ಊರಿನಲ್ಲಿ ಎತ್ತು ಸಾಕುವವರು ಕಡಿಮೆಯಾದ ಮೇಲೆ ಮಾವನವರ ಕಿಲಾರಿ ಎತ್ತಿನ ಜೋಡಿಗೆ ಎಲ್ಲಿಲ್ಲದ ಬೇಡಿಕೆ. ಯಾರು ಮೊದಲು ಕೇಳುತ್ತಾರೋ ಅವರಿಗೆ ಆ ದಿನ. ಮಾವನವರು ತಮ್ಮ ಜೀವನದಲ್ಲಿ ಎರಡು ವಿಷಯದಲ್ಲಿ ಗಟ್ಟಿ. ಒಂದು, ಹೂಂ ಅಂದ ದಿನ ಹೋಗಿಯೇ ತೀರುತ್ತಾರೆ. ಎರಡು, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅವತ್ತು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ, ತಾವೂ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಒಂದು ವರ್ಷ ಸ್ವಂತ ಹೊಲದ ಹತ್ತಿಯೇ ಕಾಣದಷ್ಟು ಕಸ ಬೆಳೆದಿದ್ದಾಗಲೂ ಸೋಮವಾರ ನೊಗ ಮುಟ್ಟಲಿಲ್ಲವೆಂದು ನಮ್ಮ ಅತ್ತೆ ಅಭಿಮಾನದಿಂದಲೂ ಸ್ವಲ್ಪ ಸಿಟ್ಟಿನಿಂದಲೂ ಹೇಳುತ್ತಾರೆ.

ಇದರಲ್ಲಿ ನಾನು ತಲೆ ಹಾಕಬೇಕಾದ ಅಗತ್ಯವೇನಿತ್ತು? ಇತ್ತು. ಮಾವನವರು ಮೊಬೈಲ್ ಮುಟ್ಟುವುದಿಲ್ಲ. ಹಾಗಾಗಿ ಊರವರೆಲ್ಲ ಎತ್ತಿಗಾಗಿ ನನಗೆ ಫೋನು ಮಾಡುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ಏನೋ ಗಂಭೀರವಾಗಿ ಬರೆಯುತ್ತಿರುವಾಗ ಫೋನು ಗುಂಯ್ ಅನ್ನುವುದು, "ಟೀಚರ್, ನಾಡಿದ್ದ ಎತ್ತ ಖಾಲಿ ಅದಾವೇನ್ರಿ?" ಅನ್ನುವುದು, ಮೊದಲ ಬೆಂಚಿನ ಹುಡುಗಿಯರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುವುದು. ಸಾಕಾಗಿಹೋಯಿತು. ಒಂದು ವೆಬ್ ಪುಟ ಮಾಡಿಬಿಡೋಣ ಅಂದುಕೊಂಡೆ. ಬೇಕಾದವರು ಅಲ್ಲಿ ತಾರೀಖು ಆರಿಸಬೇಕು, ಹೆಸರು ಬರೆಯಬೇಕು, ಯಾವ ದಿನ ಯಾರ ಪಾಳಿ ಎಂಬ ಪಟ್ಟಿ ಎಲ್ಲರಿಗೂ ಕಾಣಬೇಕು. ಯಾರಾದರೂ ಸೋಮವಾರ ಆರಿಸಿದರೆ "ಇವತ್ತು ಎತ್ತು ಹೂಡುವುದಿಲ್ಲ" ಎಂದು ಪುಟವೇ ಗದರಿಸಬೇಕು. ಮಾವನವರಿಗೆ ಹೇಳಿದೆ. ಅವರು ತಲೆಯ ರುಮಾಲು ಸರಿಮಾಡಿಕೊಳ್ಳುತ್ತ, "ಮಾಡವಾ. ಆದ್ರ ನನ್ನ ಮಾತ ಕೆಡಬಾರದು ನೋಡ," ಎಂದರು.

ಇಲ್ಲಿ ಸ್ವಲ್ಪ ಪಾಠ ಮಾಡದೆ ಗತಿಯಿಲ್ಲ. ಬೇಸರಿಸಬೇಡಿ, ಪರೀಕ್ಷೆ ಇಡುವುದಿಲ್ಲ. ಪುಟದ ಒಳಗಿರುವ ತಾರೀಖು ಬರೀ ಅಕ್ಷರವಲ್ಲ, ಬುದ್ಧಿಯುಳ್ಳ ವಸ್ತು. ನೀನು ಯಾವ ವಾರ ಎಂದು ಕೇಳಿದರೆ ಹೇಳುತ್ತದೆ, ಹತ್ತು ದಿನ ಮುಂದೆ ಹೋಗು ಎಂದರೆ ಹೋಗುತ್ತದೆ. ಆದರೆ ಒಬ್ಬರ ಮೊಬೈಲಿನಿಂದ ದೂರದ ಇನ್ನೊಂದು ಯಂತ್ರಕ್ಕೆ ಅದನ್ನು ಕಳಿಸುವಾಗ ಇದ್ದ ಹಾಗೇ ಕಳಿಸಲು ಬರುವುದಿಲ್ಲ. ಬಿಚ್ಚಿ ಒಂದು ಸಾಲು ಅಕ್ಷರ ಮಾಡಬೇಕು. ಆಚೆ ದಡದಲ್ಲಿ ಆ ಅಕ್ಷರವನ್ನು ಓದಿ ಮತ್ತೆ ವಸ್ತುವಾಗಿ ಜೋಡಿಸಬೇಕು. ನಮ್ಮ ಅತ್ತೆಯ ತವರಿನಿಂದ ಬಂದ ಸಾಗವಾನಿ ಮಂಚ ನಮ್ಮ ಪಡಸಾಲೆಯ ಬಾಗಿಲಲ್ಲಿ ಹಿಡಿಸದೆ, ಬಡಿಗೇರ ಬಂದು ಕಾಲು, ಪಟ್ಟಿ, ಹಲಗೆ ಎಲ್ಲ ಬಿಚ್ಚಿ ಒಳಗೆ ಸಾಗಿಸಿ ಮತ್ತೆ ಕೂಡಿಸಿದನಂತೆ. ಹಾಗೆಯೇ ಇದು. ಕೂಡಿಸುವಾಗ ಒಂದು ಕಾಲು ಹಿಂದುಮುಂದಾಗಿ ಆ ಮಂಚ ಇವತ್ತಿಗೂ ಮಗ್ಗುಲು ಬದಲಿಸಿದರೆ ಕಿರ್ ಎನ್ನುತ್ತದೆ.

ಅಕ್ಷರವಾಗಿಸುವಾಗ ಏನೇನೋ ಕಳೆದುಹೋಗುತ್ತದೆ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಉದಾಹರಣೆಗೆ ದೂರ ಹೋಗುವುದೇ ಬೇಡ, ಮನೆಯಲ್ಲೇ ಇದೆ. ನಮ್ಮ ಯಜಮಾನರಿಗೆ ನವಲಗುಂದದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಸಂಜೆ ಬರುವಾಗ ತರಲೆಂದು ಚೀಟಿ ಬರೆದುಕೊಡುತ್ತೇನೆ. "ಮೆಂತೆ ಎರಡು ಸೂಡು" ಎಂದು ಬರೆದರೆ ಮಧ್ಯಾಹ್ನದ ಬಿಸಿಲಿಗೆ ಬಾಡಿ ಮಲಗಿದ ಎರಡು ಸೂಡು ಮೆಂತೆ ಬರುತ್ತದೆ. "ಚೊಲೋ ನೋಡಿ ತರಬಾರದೇನ್ರೀ?" ಎಂದರೆ, "ಚೀಟ್ಯಾಗ ಚೊಲೋ ಅಂತ ಎಲ್ಲಿ ಐತಿ?" ಎಂದು ಚೀಟಿಯನ್ನೇ ನನ್ನ ಮುಖಕ್ಕೆ ಹಿಡಿಯುತ್ತಾರೆ. ನಾನು ಬಾಯಲ್ಲಿ ಹೇಳುವಾಗ ಇರುವ ಕಣ್ಣು, ದನಿ, ಗದರಿಕೆ ಯಾವುದೂ ಚೀಟಿಯಲ್ಲಿ ಹೋಗುವುದಿಲ್ಲ. ಇಷ್ಟೆಲ್ಲ ತಿಳಿದವಳು ನಾನು. ತಿಳಿದೂ ಏನು ಮಾಡಿದೆ ಕೇಳಿ.

ತಾರೀಖನ್ನು ಅಕ್ಷರವಾಗಿಸಿದಾಗ ಒಂದು ಉದ್ದನೆಯ ಸಾಲು ಬರುತ್ತದೆ. ಮೊದಲ ಹತ್ತು ಅಕ್ಷರದಲ್ಲಿ ವರ್ಷ, ತಿಂಗಳು, ದಿನ. ಆಮೇಲೆ ಗಂಟೆ, ನಿಮಿಷ, ಸೆಕೆಂಡು. ಎತ್ತಿಗೆ ಸೆಕೆಂಡು ಯಾಕೆ ಬೇಕು? ಮೊದಲ ಹತ್ತು ಅಕ್ಷರ ಕತ್ತರಿಸಿ ಪಟ್ಟಿಯಲ್ಲಿ ಇಟ್ಟೆ. ಆಚೆ ದಡದಲ್ಲಿ ಮತ್ತೆ ತಾರೀಖಾಗಿ ಜೋಡಿಸುವ ಗೋಜಿಗೇ ಹೋಗಲಿಲ್ಲ. ಮಧ್ಯಾಹ್ನ ನಾಲ್ಕು ಗಂಟೆಗೆ ಲ್ಯಾಬಿನಲ್ಲಿ ಕೂತು, ಆ ಹೊತ್ತಿನದೇ ತಾರೀಖು ಹಾಕಿ ಪರೀಕ್ಷಿಸಿದೆ. ಅಗದಿ ಬರೋಬ್ಬರಿ ಬಂತು. ಶನಿವಾರ ಸಂಜೆ ಪುಟದ ಕೊಂಡಿಯನ್ನು ಊರಿನ ಮೊಬೈಲ್ ಗುಂಪಿಗೆ ಹಾಕಿ, ಯಾರಾದರೂ ಹೊಗಳುತ್ತಾರೇನೋ ಎಂದು ಎರಡು ಸಲ ತೆಗೆದು ನೋಡಿದೆ. ಒಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಅಷ್ಟಕ್ಕೇ ಹಿಗ್ಗಿ ಭಾನುವಾರ ಇಡೀ ದಿನ ಬಟ್ಟೆ ಒಗೆಯುತ್ತ, ಹಾಡಿಕೊಳ್ಳುತ್ತ ಕಳೆದೆ. ದಿನವೂ ಪಟ್ಟಿ ಓದಿ ಮಾವನವರಿಗೆ ಹೇಳುವ ಕೆಲಸ ಯಜಮಾನರದು ಎಂದು ಮಾತಾಗಿತ್ತು. ಅವರು ಭಾನುವಾರ ಓದಲಿಲ್ಲ. ಮರುದಿನ ಹೇಗೂ ಸೋಮವಾರವಲ್ಲವೇ, ಎತ್ತಿಗೆ ರಜೆ.

ಸೋಮವಾರ ಬೆಳಿಗ್ಗೆ ಮಾವನವರು ಎತ್ತುಗಳ ಮೈ ತೊಳೆಯುತ್ತಿದ್ದರು. ನಾನು ಕಾಲೇಜಿಗೆ ಹೋಗುವ ಅವಸರದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅಷ್ಟರಲ್ಲಿ ನೀಲವ್ವ ಬಂದಳು. ನಮ್ಮ ಹೊಲದ ಬಾಜೂಕ್ಕೇ ಅವಳದೊಂದು ಎಕರೆ ಹೆಸರುಕಾಳಿನ ಬೆಳೆ ಇದೆ. ಗಂಡ ಲಾರಿ ಓಡಿಸುತ್ತ ಊರೂರು ತಿರುಗುವುದರಿಂದ ಹೊಲವೆಲ್ಲ ಅವಳ ಮೈಮೇಲೆ.

"ಕಾಕಾರ, ಎತ್ತ ಬಿಚ್ಚರಿ, ಹೋಗೂಣು. ಹೊತ್ತಾತು," ಎಂದಳು.

ಮಾವನವರು ನೀರಿನ ತಂಬಿಗೆ ಹಿಡಿದುಕೊಂಡೇ, "ಇವತ್ತ ಸ್ವಾಮಾರ ಅಲ್ಲೇನವಾ?" ಎಂದರು.

"ಸ್ವಾಮಾರ ಖರೇರಿ. ಮೊಬೈಲ್‌ನ್ಯಾಗ ನೀವ ಸ್ವಾಮಾರ ಕೊಟ್ಟೀರಲ್ರಿ! ನಾ ಮಂಗಳವಾರ ಕೇಳಿದ್ದೆ. ಮಾಡ ಕವಿದದ್ದ ನೋಡಿ, ನನ್ನ ಸಲುವಾಗಿ ಒಂದಿನ ಮದಲ ಬರ್ತಾರ, ಹಿರೇರಂದ್ರ ಹಿಂಗಿರಬೇಕು ಅಂತ ಊರಾಗ ನಾಕ ಮಂದಿ ಮುಂದ ಹೇಳೀನ್ರಿ. ಕಸಾ ಆರಸಾಕ ಆಳ ಕರದೀನಿ, ಹೊಲದಾಗ ಕುಂತಾರ."

ಮಾವನವರು ತಂಬಿಗೆ ಕೆಳಗಿಟ್ಟರು. ಅವರ ಮುಖ ನೋಡಿ ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು. ಯಜಮಾನರು ಮೊಬೈಲ್ ತೆಗೆದು ಓದಿದರು. ಸೋಮವಾರ ನೀಲವ್ವ. ಮಂಗಳವಾರ ಇನ್ನೊಬ್ಬರು, ಬುಧವಾರ ಮತ್ತೊಬ್ಬರು, ಶನಿವಾರದವರೆಗೆ ಎಲ್ಲ ಭರ್ತಿ. ಭಾನುವಾರ ಮಾತ್ರ ಖಾಲಿ ಹೊಡೆಯುತ್ತಿತ್ತು. ಅದನ್ನು ಕೇಳಿದ ಕೂಡಲೇ ನನಗೆ ಹೊಳೆಯಿತು, ಇಡೀ ಊರಿನ ವಾರವನ್ನು ನಾನು ಒಂದು ದಿನ ಹಿಂದಕ್ಕೆ ಎಳೆದಿದ್ದೇನೆ.

ಲ್ಯಾಪ್‌ಟಾಪು ತೆಗೆದು ನೋಡಿದೆ. ಆದದ್ದು ಇಷ್ಟೇ. ನೀಲವ್ವ ಆರಿಸಿದ್ದು ಮಂಗಳವಾರವೇ ಆದ್ದರಿಂದ ಪುಟ ಗದರಿಸಲಿಲ್ಲ. ಪುಟದಲ್ಲಿ ಮಂಗಳವಾರ ಆರಿಸಿದರೆ ಯಂತ್ರ ಅದನ್ನು ಮಂಗಳವಾರ ಹುಟ್ಟುವ ಕ್ಷಣ ಎಂದು, ಅಂದರೆ ಸರಿಯಾಗಿ ರಾತ್ರಿ ಹನ್ನೆರಡು ಗಂಟೆ ಎಂದು ಹಿಡಿಯುತ್ತದೆ. ಅಕ್ಷರವಾಗಿಸುವಾಗ ಮಾತ್ರ ಲಂಡನ್ ಕಡೆಯ ಗಡಿಯಾರ ನೋಡಿ ಬರೆಯುತ್ತದೆ. ಆ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ಮಂಗಳವಾರ ಹುಟ್ಟಿದಾಗ ಅಲ್ಲಿ ಇನ್ನೂ ಸೋಮವಾರ ಸಂಜೆ ಆರೂವರೆ. ಗಂಟೆಯ ಭಾಗವನ್ನು ಇಟ್ಟುಕೊಂಡು ಆಚೆ ದಡದಲ್ಲಿ ಸರಿಯಾಗಿ ಜೋಡಿಸಿದ್ದರೆ ಮತ್ತೆ ನಮ್ಮ ಮಂಗಳವಾರವೇ ಬರುತ್ತಿತ್ತು. ನಾನು ಕತ್ತರಿ ಹಾಕಿ ಬಿಸಾಕಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಪರೀಕ್ಷಿಸಿದಾಗ ಎರಡೂ ಕಡೆ ಒಂದೇ ದಿನವಿದ್ದುದರಿಂದ ತಪ್ಪು ಕಾಣಲಿಲ್ಲ. ಇದನ್ನು ಹಿರಿಯರಿಗೆ ಹೇಗೆ ತಿಳಿಸಿ ಹೇಳುವುದು? ತಲೆ ತಗ್ಗಿಸಿ, "ಮಾವಾರ, ನಂದ ತಪ್ಪಾತ್ರಿ. ಲಂಡನ್ನಿನಾಗ ಇನ್ನೂ ಸ್ವಾಮಾರ ಇತ್ರಿ," ಎಂದೆ.

"ಲಂಡನ್ನಿನವ್ರು ನಮ್ಮ ಎತ್ತ ಕೇಳ್ಯಾರೇನು?" ಎಂದರು ಮಾವನವರು.

ನೀಲವ್ವ ಪಾಪ, "ಹೋಗ್ಲಿ ಬಿಡ್ರಿ ಕಾಕಾರ, ನಾಳಿ ಬರ್ರಿ," ಎಂದಳು. ನಾಳೆ ಹೇಗೆ ಬರುವುದು? ನಾಳೆಯ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ, ಅವರೂ ಆಳು ಕರೆದಿರುತ್ತಾರೆ. ಇವತ್ತು ತಪ್ಪಿದರೆ ಅವಳ ಪಾಳಿ ಭಾನುವಾರಕ್ಕೆ. ಅಷ್ಟರೊಳಗೆ ಮಳೆ ಹಿಡಿದರೆ ಹೆಸರು ಕಸದ ಪಾಲು. ಮಾವನವರು ಒಮ್ಮೆ ಮೋಡ ನೋಡಿದರು, ಒಮ್ಮೆ ಎತ್ತು ನೋಡಿದರು. ಹೋದರೆ ವ್ರತ ಕೆಡುತ್ತದೆ, ಹೋಗದಿದ್ದರೆ ಮಾತು ಕೆಡುತ್ತದೆ. ಜೀವನವಿಡೀ ಎರಡನ್ನೂ ಕಾಪಾಡಿಕೊಂಡು ಬಂದ ಮನುಷ್ಯನನ್ನು ನಾನು ಹತ್ತು ಅಕ್ಷರದಲ್ಲಿ ಸಿಕ್ಕಿಸಿಬಿಟ್ಟಿದ್ದೆ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀದದ್ದು ಒಂದು ನೆಪವಾಗಿ ಒಳಗೆ ಓಡಿದೆ.

"ಏ ತಂಗಿ, ಹೊರಗ ಬಾ," ಎಂದು ಮಾವನವರು ಕೂಗಿದರು. ಹೊರಗೆ ಬಂದರೆ ಅವರು ಕೊಟ್ಟಿಗೆಯ ಮೂಲೆಯಿಂದ ಸೈಕಲ್ ಕುಂಟೆ ಎಳೆದು ತರುತ್ತಿದ್ದರು. ಹಳೆಯ ಸೈಕಲ್ಲಿನ ಮುಂದಿನ ಗಾಲಿಗೆ ಕುಂಟೆಯ ಕುಡ, ಅಂದರೆ ಕಳೆ ಕೊಯ್ಯುವ ಕಬ್ಬಿಣದ ಅಲಗು, ಕೂಡಿಸಿ ಮಾಡಿದ ಸಾಧನ ಅದು. ಎತ್ತಿಲ್ಲದವರು ಇದರಲ್ಲಿ ಎಡೆ ಹೊಡೆಯುತ್ತಾರೆ. ಹಿಂದೆ ಒಬ್ಬರು ನೂಕಬೇಕು, ಮುಂದೆ ಒಬ್ಬರು ಹಗ್ಗ ಹಿಡಿದು ಎಳೆಯಬೇಕು.

"ಬರದಾಕಿ ಯಾರು?" ಎಂದರು.

"ನಾನ್ರಿ."

"ಓದಾಂವ ಯಾರು?"

"ನಾ ಓದಲೇ ಇಲ್ಲಪಾ!" ಎಂದರು ಯಜಮಾನರು.

"ಅದಕ್ಕ ನೀನೂ ನಡಿ."

ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಅಲ್ರೀ, ಕಾಲೇಜಿಗೆ ಹೋಗೂ ಸೊಸೀನ್ನ..." ಎಂದು ನನ್ನ ಪರ ಏನೋ ಶುರು ಮಾಡಿದವರು, ಮಾವನವರ ಮುಖ ನೋಡಿ ಪಕ್ಷ ಬದಲಿಸಿ, "ಹೋಗವಾ. ಸ್ವಾಮಾರ ಎತ್ತ ಹೂಡಬಾರದು. ಸೊಸಿ ಹೂಡಬಾರದು ಅಂತ ಯಾರೂ ಹೇಳಿಲ್ಲ," ಎಂದುಬಿಟ್ಟರು.

ಕಾಲೇಜಿಗೆ ಫೋನು ಮಾಡಿ ಕೌಟುಂಬಿಕ ಕಾರಣ ಎಂದು ರಜೆ ಕೇಳಿದೆ. ನೀಲವ್ವನ ಹೊಲದಲ್ಲಿ ಯಜಮಾನರು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಮುಂದೆ, ನಾನು ಸೀರೆ ಎತ್ತಿ ಕಟ್ಟಿ ಹಿಡಿಕೆ ನೂಕುತ್ತ ಹಿಂದೆ. ಆಳು ಬಂದಿದ್ದ ಹೆಂಗಸರು ಕಸ ಆರಿಸುವುದನ್ನು ಬಿಟ್ಟು ನಮ್ಮನ್ನೇ ನೋಡಿದರು. ಒಬ್ಬಾಕೆ ನಮ್ಮಿಬ್ಬರನ್ನೂ ನೊಗದ ಎಡಬಲದ ಎತ್ತು ಮಾಡಿ, "ಎಡಗೋಲಿಂದು ಚೊಲೋ ಐತಿ, ಬಲಗೋಲಿಂದು ಭಾಳ ಮಾತಾಡ್ತೈತಿ," ಎಂದಳು. ನಾನು ಸಾಲಿನುದ್ದಕ್ಕೂ ಯಜಮಾನರನ್ನು, ನೀವು ಭಾನುವಾರ ಪಟ್ಟಿ ಓದಿದ್ದರೆ ಹೀಗಾಗುತ್ತಿತ್ತೇ ಎಂದು ಬೈಯುತ್ತಿದ್ದುದು ನಿಜ. ಎರೆಮಣ್ಣು ಕಾಲಿಗೆ ಅಂಟಿ, ಚಪ್ಪಲಿ ಬಿಟ್ಟರೂ ಚಪ್ಪಲಿ ಹಾಕಿದಷ್ಟೇ ಭಾರ. ಬದುವಿನ ಮೇಲೆ ನಿಂತ ಮಾವನವರು, "ಸಾಲ ಬಿಟ್ಟ ಹೊಂಟಿ ನೋಡ ಯವ್ವಾ, ಹೆಸರ ಕಿತ್ತ ಬರ್ತೈತಿ!" ಎಂದು ಕೂಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಯಾರಿಗೂ ತೋರಿಸಲಿಲ್ಲ, ತೋರಿಸುವ ಮುಖವೂ ಇರಲಿಲ್ಲ. ಕೊನೆಯ ಹತ್ತು ಸಾಲು ಉಳಿದಾಗ ಮಾವನವರು ತಾವೇ ಹೊಲಕ್ಕೆ ಇಳಿದು, ನನ್ನ ಕೈಯಿಂದ ಹಿಡಿಕೆ ತೆಗೆದುಕೊಂಡರು. ಎಪ್ಪತ್ತು ದಾಟಿದ ಆ ಜೀವ ನೆಟ್ಟಗೆ, ಒಂದು ಗಿಡಕ್ಕೂ ಪೆಟ್ಟಾಗದ ಹಾಗೆ ಸಾಲು ಮುಗಿಸುವುದನ್ನು ನೋಡುತ್ತ ನನಗೆ ಅಳು ಬಂತು. ಬೈದಿದ್ದರೆ ಬರುತ್ತಿರಲಿಲ್ಲ.

ನಾಲ್ಕು ಗಂಟೆಗೆ ಎಕರೆ ಮುಗಿಯಿತು. ಐದಕ್ಕೆ ಮಳೆ ಬಂತು. ನೀಲವ್ವ ಬೊಗಸೆ ತುಂಬ ಬೆಲ್ಲ, ಶೇಂಗಾ ತಂದು ಕೊಟ್ಟು, "ಕಾಕಾರ ಮಾತಂದ್ರ ಮಾತ ನೋಡ್ರಿ," ಎಂದಳು. ಮನೆಗೆ ಬಂದರೆ ಎತ್ತುಗಳು ಹಣೆಯ ವಿಭೂತಿ ಒಂದಿಷ್ಟೂ ಅಳಿಸದೆ, ಆರಾಮಾಗಿ ಮಲಗಿ ಮೆಲುಕು ಹಾಕುತ್ತಿದ್ದವು.

ನಾನು ಮಾವನವರ ಮುಂದೆ ಹೋಗಿ ನಿಂತು, "ಮಾವಾರ, ಆ ಪುಟ ತಗದ ಒಗೀತೀನ್ರಿ. ಮದಲಿನ್ಹಂಗ ನನಗ ಫೋನ್ ಮಾಡ್ಲಿ," ಎಂದೆ.

ಅವರು ಕಾಲು ತೊಳೆದುಕೊಳ್ಳುತ್ತ, "ಯಾಕ ತಗೀತಿ? ಇರಲಿ ಬಿಡು. ತಪ್ಪಾದ್ರ ತಪ್ಪಾತು, ಸ್ವಾಮಾರಕ್ಕ ಮನ್ಯಾಗ ಇನ್ನೊಂದ ಜೋಡಿ ಐತಲ್ಲ," ಎಂದರು.

ನಾನು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಚಹಾ ಕೂಡ ಕುಡಿಯದೆ ಲ್ಯಾಪ್‌ಟಾಪಿನ ಮುಂದೆ ಕೂತೆ. ತಾರೀಖನ್ನು ಪೂರ್ತಿ ಕಳಿಸಿ, ಪೂರ್ತಿ ಓದಿ, ನಮ್ಮ ಊರಿನ ಗಡಿಯಾರಕ್ಕೇ ಜೋಡಿಸಿದೆ. ಆಮೇಲೆ ಆ ವರ್ಷದಲ್ಲಿ ಉಳಿದಿದ್ದ ಪ್ರತಿಯೊಂದು ಮಂಗಳವಾರವನ್ನೂ ಒಂದೊಂದಾಗಿ ಆರಿಸಿ, ಮಂಗಳವಾರವೇ ಬರುತ್ತದೆಯೇ ಎಂದು ನೋಡಿದೆ. ಇಷ್ಟು ಶ್ರದ್ಧೆಯಿಂದ ಪರೀಕ್ಷೆ ಮಾಡಿರೆಂದು ನಾನು ಮಕ್ಕಳಿಗೆ ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ, ಒಬ್ಬರೂ ಮಾಡುವುದಿಲ್ಲ. ಪಾಪ, ಅವರನ್ನು ಯಾರೂ ಹೂಡಿಲ್ಲ.