ತಪ್ಪು ಹುಡುಕೋದನ್ನು ತೆಗೆದ ವಾರ

ಕಂಪ್ಯೂಟರ್ ರೂಮಿನಲ್ಲಿ ಒಬ್ಬನೇ ಕೂತವನಿಗೆ ಅದೇನು ತಮಾಷೆ ಅಂತ ಕೇಳುತ್ತಾರೆ. ತಮಾಷೆ ನಡೆಯುತ್ತಲೇ ಇರುತ್ತೆ. ಜೊತೆಗೆ ನಗೋಕೆ ಯಾರೂ ಇರಲ್ಲ, ಅಷ್ಟೇ. ಎಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಒಂದು ಕಾರ್ಖಾನೆಯಲ್ಲಿ ಸಂಬಳದ ಪ್ರೋಗ್ರಾಂ ಬರೆಯೋದು ನನ್ನ ಕೆಲಸ. ಧೂಳು ಬರಬಾರದೆಂದು ದಪ್ಪ ಬಾಗಿಲು, ಒಳಗೆ ಏಸಿ. ಚಪ್ಪಲಿಯೂ ಪ್ರಿಂಟರೂ ಬಾಗಿಲಾಚೆ. ನನ್ನನ್ನು ಬಿಟ್ಟು ಯಾರೂ ಒಳಗೆ ಬರುವಂತಿರಲಿಲ್ಲ.

೧. ಅನುಮಾನ

ನಾನು ಬರೆದದ್ದನ್ನು ಓದಿ ತಪ್ಪು ಹುಡುಕುವ ಇನ್ನೊಂದು ಪ್ರೋಗ್ರಾಂ ಇತ್ತು. 'ಈ ಹೆಸರಿಟ್ಟಿದ್ದೀಯ, ಎಲ್ಲೂ ಬಳಸಿಲ್ಲ', 'ಈ ಸಾಲಿನ ತನಕ ಯಾರೂ ಬರೋದೇ ಇಲ್ಲ' ಎಂಬರ್ಥದ ದೂರುಗಳನ್ನು ಹಾಳೆಗಟ್ಟಲೆ ಪ್ರಿಂಟ್ ಮಾಡುತ್ತಿತ್ತು. ಒಂದು ದಿನ ಮ್ಯಾನೇಜರು ಆ ಹಾಳೆ ಹಿಡಿದು ನಿಂತರು.

"ಏನ್ರೀ, ಇಷ್ಟೊಂದು ತಪ್ಪಾ?"

"ತಪ್ಪಲ್ಲ ಸಾರ್, ಅದಕ್ಕೆ ಬಂದಿರೋ ಅನುಮಾನ."

"ಒಂದು ವಾರ ತೆಗೆದು ನೋಡಿ. ಅದಿಲ್ದೆ ನಡೆದ್ರೆ ಪೂರ್ತಿ ಬಿಟ್ಬಿಡೋಣ. ಅನುಮಾನ ಪಡೋಕೆ ನಾನಿದೀನಲ್ರೀ."

೨. ಅಕ್ಕನ ಸಲಹೆ

ಭಾನುವಾರ ಗುಬ್ಬಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ದಿನವಿಡೀ ನನ್ನ ಜೊತೆ ಮಾತಾಡೋದು ಅದೊಂದೇ, ಅದನ್ನೂ ತೆಗೆಯೋಕೆ ಹೇಳ್ತಿದಾರೆ ಅಂದೆ.

"ಏನಂತ ಮಾತಾಡುತ್ತೋ?"

"ತಪ್ಪು ಹುಡುಕೋದು ಬಿಟ್ರೆ ಬೇರೆ ಮಾತಿಲ್ಲ ಕಣಕ್ಕ."

"ನಿಮ್ಮ ಭಾವನೂ ಅಷ್ಟೇ ಕಣೋ. ನಾನೇನು ತೆಗೆದಾಕಿದೀನಾ?"

೩. ಚಪ್ಪಲಿ

ಸೋಮವಾರ ತೆಗೆದೆ. ರೂಮು ಬಿಕೋ ಅನ್ನತೊಡಗಿತು. ಅಟೆಂಡರು ಊರ್ಡಿಗೆರೆ ಕಡೆಯವರು, ವಯಸ್ಸಾದವರು. ಪ್ರಿಂಟರ್ ಕಟಕಟ ಅಂದರೆ ನನ್ನ ಕೆಲಸ ಮುಗಿಯಿತೆಂದು ಟೀ ತರೋದು ಅವರ ಪದ್ಧತಿ. ಸಂಜೆ ಬಾಗಿಲಿಗೆ ಬೀಗ ಹಾಕೋರೂ ಅವರೇ. ದೂರು ನಿಂತಿತು, ಪ್ರಿಂಟರ್ ಸುಮ್ಮನಾಯಿತು, ಟೀಯೂ ನಿಂತಿತು. ಇಡೀ ವಾರ ನನ್ನ ಬಾಗಿಲನ್ನು ಯಾರೂ ತಟ್ಟಲಿಲ್ಲ. ಆ ದೂರುಗಳನ್ನು ನೆನೆಸಿಕೊಂಡು ನಿಜವಾಗಿಯೂ ಬೇಜಾರಾಗುತ್ತಿತ್ತು.

ಶನಿವಾರ ಸಂಜೆ ಎದ್ದು ಬಾಗಿಲು ತಳ್ಳಿದೆ. ಹೊರಗಿನಿಂದ ಬೀಗ. ಇನ್ನು ಸೋಮವಾರದ ತನಕ ಯಾರೂ ಬರೋದಿಲ್ಲ. ಕೂಗಿದೆ, ಬಾಗಿಲು ಬಡಿದೆ. ಆ ದಪ್ಪ ಬಾಗಿಲಿಂದ ಆಚೆಗೆ ಏನೂ ಕೇಳಿಸಲಿಲ್ಲ. ಆಗ ಆ ತಪ್ಪು ಹುಡುಕೋ ಪ್ರೋಗ್ರಾಮಿನ ಫ್ಲಾಪಿ ಹುಡುಕಿ ಹಾಕಿದೆ, ನನ್ನ ಅತ್ಯಂತ ಕೆಟ್ಟ ಹಳೇ ಪ್ರೋಗ್ರಾಮನ್ನು ಅದಕ್ಕೆ ಓದಿಸಿದೆ. ಹೊರಗೆ ಪ್ರಿಂಟರ್ ಒಂದೇ ಸಮನೆ ದೂರತೊಡಗಿತು.

ಸ್ವಲ್ಪ ಹೊತ್ತಿಗೆ ಬೀಗ ತೆಗೆದ ಸದ್ದು. ಗೇಟಿನ ತನಕ ಹೋಗಿದ್ದ ಅಟೆಂಡರು ಸೈಕಲ್ ತಿರುಗಿಸಿಕೊಂಡು ಬಂದಿದ್ದರು. ಕೈಯಲ್ಲಿ ಟೀ ಬೇರೆ.

"ಬಾಗಿಲಲ್ಲಿ ನನ್ನ ಚಪ್ಪಲಿ ಇತ್ತಲ್ಲ, ನೋಡ್ಲಿಲ್ವಾ?" ಅಂದೆ.

"ನೋಡ್ದೆ ಸಾ. ಮರ್ತು ಬರಿಗಾಲಲ್ಲಿ ಹೊಂಟೋಗವ್ರೆ ಪಾಪ ಅಂತ ಬೀರುವಲ್ಲಿ ಜೋಪಾನವಾಗಿ ಎತ್ತಿಟ್ಟಿವ್ನಿ."

ಸೋಮವಾರ ಮ್ಯಾನೇಜರು ಕರೆದರು. "ಏನ್ರೀ, ವಾರ ಆಯ್ತಲ್ಲ. ಅದು ಬೇಕಾ, ಬೇಡ್ವಾ?"

"ಬೇಕು ಸಾರ್. ಅದಿಲ್ದಿದ್ರೆ ನಾನು ಒಳಗಿದೀನಿ ಅಂತಾನೇ ಯಾರಿಗೂ ಗೊತ್ತಾಗಲ್ಲ," ಅಂತ ನಡೆದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇರ್ಲಿ ಬಿಡಿ ಹಂಗಾದ್ರೆ. ಚಪ್ಪಲೀನ ನಂಬೋಕಾಗಲ್ಲ."